ಪೆನ್‌ಡ್ರೈವಿನ ಹಗೇವು

ಹೋದ ವಾರ ನಾನು ಹಾನಗಲ್ಲಿಗೆ ಬಂದಿದ್ದಾಗ ನಿಮ್ಮ ಅಪ್ಪ ಅಟ್ಟದ ಮೇಲಿನ ಹಳೆಯ ಟಿ.ವಿ. ಇಳಿಸಿ ಹಚ್ಚಿ ನೋಡಿದರು. ಚಿತ್ರವೇನೂ ಮೂಡಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಬೆನ್ನಿನ ಕಡೆಯಿಂದ ಒಂದು ವಾಸನೆ ಬಂತು, ಮಳೆಗಾಲದ ತಂಪು ಹಿಡಿದ ದೂಳು ಕಾಯುವಾಗ ಬರುವಂಥದು. ಮೊಮ್ಮಕ್ಕಳು ನೀವಿಬ್ಬರೂ ಮೂಗು ಮುಚ್ಚಿಕೊಂಡಿರಿ. ನನಗೆ ನಗು ಬಂತು. "ಆಯಿ, ಯಾಕ ನಗಾಕತ್ತಿ?" ಎಂದು ಐಶ್ವರ್ಯಾ ಕೇಳಿದಳು. ಅಳಿಯನ ಎದುರಿಗೆ ಹೇಳಲು ನಾಚಿಕೆಯಾಗಿ ಏನಿಲ್ಲ ಎಂದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ಅದೇ ವಾಸನೆ ಒಂದು ಮಳೆಗಾಲವಿಡೀ ನಮ್ಮೂರ ಗ್ರಂಥಾಲಯದಲ್ಲಿ ತುಂಬಿಕೊಂಡಿತ್ತು. ಆಗ ಐಶ್ವರ್ಯಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು, ಸಮರ್ಥ ಹುಟ್ಟಿರಲಿಲ್ಲ.

ನಿಮ್ಮ ಅಜ್ಜ ಆ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಪಂಚಾಯಿತಿಯವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷಿನಲ್ಲಿ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಗಂಡಸರು ಪೇಪರು ಓದಲು ಬಂದರೆ ಪೇಪರನ್ನು ಮೇಜಿನ ಮೇಲಿಟ್ಟು ಒಳಗಿನ ಕಪಾಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅಜ್ಜ ನನಗೆ ಕಲಿಸಿಕೊಟ್ಟ ನಿಯಮ ಒಂದೇ: ಸ್ಟಾಕ್ ರಜಿಸ್ಟರಿನಲ್ಲಿ ನಂಬರು ಬಿದ್ದ ಯಾವ ವಸ್ತುವೂ ಕೆಲಸ ಮುಗಿದ ಮೇಲೆ ಕೀಲಿಯ ಹೊರಗೆ ಉಳಿಯಬಾರದು. ಸ್ಟೇಪ್ಲರ್ ಕೂಡ.

ಆ ವರ್ಷ ಮಿರಗದ ಮಳೆ ಸುರುವಾಗುವ ಹೊತ್ತಿಗೆ ಶಿಗ್ಗಾವಿ ಕಡೆಯಿಂದ ನಾಲ್ಕು ಹಳೆಯ ಕಂಪ್ಯೂಟರ್ ಬಂದವು. ಯಾರೋ ಬೇಡವೆಂದು ಬಿಟ್ಟವು. ಒಂದರಲ್ಲೂ ಡಿಸ್ಕ್ ಇರಲಿಲ್ಲ. ಅವನ್ನು ಎಬ್ಬಿಸಿ ನಿಲ್ಲಿಸಿದವರು ಸವಣೂರಿನ ಇಮಾಮಸಾಬರು. ಅವರದು ಮೊದಲು ರೇಡಿಯೋ ರಿಪೇರಿ ಅಂಗಡಿ, ಆಮೇಲೆ ಟಿ.ವಿ., ಆಮೇಲೆ ಕಂಪ್ಯೂಟರ್. ಅಜ್ಜನ ಹಳೆಯ ಗೆಳೆಯರು, ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಒಂದು ದಿನ ನಾಲ್ಕು ಪೆನ್‌ಡ್ರೈವ್ ತಂದು, ಒಂದೊಂದು ಕಂಪ್ಯೂಟರಿಗೆ ಒಂದೊಂದು ಚುಚ್ಚಿ ಸುರು ಮಾಡಿ ತೋರಿಸಿದರು.

"ಇದು ಭಾಳ ಹಗುರ ಲಿನಕ್ಸ್ ರೀ ಅಕ್ಕಾರ. ಡಿಸ್ಕ್ ಬೇಕಂತಿಲ್ಲ. ಪೆನ್‌ಡ್ರೈವಿನಾಗಿಂದ ಎದ್ದು, ಎಲ್ಲಾ ಮೆಮರ್ಯಾಗ ಇಟ್ಕೊಂಡು ಓಡತೈತಿ. ಆರಿಸಿದ್ರ ಎಲ್ಲಾ ಮರೀತೈತಿ. ಅದಕ್ಕ ಹೊಸಾದು ಏನರ ಹಾಕಿದ್ರ ಕಡೀಕ 'ಕಮಿಟ್' ಅನ್ನೂ ಆಜ್ಞೆ ಕೊಡಬೇಕು. ಅವಾಗ ನೆನಪಿಟ್ಕೊಂತೈತಿ."

ಆಜ್ಞೆಗಳನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಸಾಲಿನಲ್ಲಿ ಇಂಗ್ಲಿಷ್ ಅಕ್ಷರ, ಕೆಳಗೆ ಕನ್ನಡದಲ್ಲಿ ಅದು ಮಾಡುವ ಕೆಲಸ. ಸಾಮಾನು, ಅಂದರೆ ಪ್ರೋಗ್ರಾಂ, ಹಾಕುವುದು, ಹಾಕಿದ್ದನ್ನು ಹೊಸದು ಮಾಡುವುದು, ಉಳಿಸುವುದು. ಅವರು ಹೋದ ಮೇಲೆ ನಾಲ್ಕೂ ಪೆನ್‌ಡ್ರೈವಿಗೆ ಬಿಳಿ ಪಟ್ಟಿ ಅಂಟಿಸಿ ಒಂದರಿಂದ ನಾಲ್ಕರವರೆಗೆ ನಂಬರು ಹಾಕಿ ರಜಿಸ್ಟರಿನಲ್ಲಿ ದಾಖಲು ಮಾಡಿದೆ.

ಕಂಪ್ಯೂಟರ್ ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಗಿರಿಜಾ. ಗ್ರಂಥಾಲಯದ ಎದುರು ಮನೆಯ ಬಸವ್ವನ ಸೊಸೆ, ಅಬಲೂರಿನ ಹುಡುಗಿ, ಪಿ.ಯು.ಸಿ. ಮುಗಿಸಿದ್ದಳು. ಹಾವೇರಿಯಲ್ಲಿ ನಡೆಯುವ ಕನ್ನಡ ಟೈಪಿಂಗ್ ಪರೀಕ್ಷೆಗೆ ಹೆಸರು ಹಚ್ಚಿದ್ದಳು. ಹಿರೇಕೆರೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಲಿಯುವುದಕ್ಕೆ ಬಸವ್ವ ಒಪ್ಪಿರಲಿಲ್ಲ. ಗ್ರಂಥಾಲಯಕ್ಕೆ ಒಪ್ಪಿದ್ದೂ ಅದರ ಬಾಗಿಲು ತನ್ನ ಕಟ್ಟೆಯಿಂದ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ. ಕಾಣುವುದೂ ಸಾಲದೆ ಮೊದಲ ದಿನ ಬಾಗಿಲಲ್ಲೇ ಬಂದು ಕುಳಿತಳು.

"ಏನವಾ ಶಾಂತಾ, ಇದರಾಗ ಬಡದ್ರ ನೌಕರಿ ಸಿಗತೈತಂತ ಖರೆ ಏನ?"

"ಪರೀಕ್ಷೆ ಪಾಸಾದ್ರ ಅರ್ಜಿ ಹಾಕಾಕ ಬರತೈತಿ," ಎಂದೆ.

"ಬಡಿಯೂದು ನಮ್ಮ ಸೊಸೀಗೆ ಕಲಸೂದ ಬ್ಯಾಡ. ಅಕಿ ರೊಟ್ಟಿ ಬಡದ್ರ ಓಣಿ ತುಂಬ ಕೇಳತೈತಿ."

ಗಿರಿಜಾ ನಕ್ಕಳು. ಅತ್ತೆಯ ಮಾತಿಗೆ ಅವಳು ಆಗ ಇನ್ನೂ ನಗುತ್ತಿದ್ದಳು.

ಕುಳಿತು ನೋಡಿದರೆ ಕನ್ನಡವೇ ಇಲ್ಲ. ಇಮಾಮಸಾಬರು ಕನ್ನಡದ ಅಕ್ಷರಗಳನ್ನು ಹಾಕಲು ಮರೆತಿದ್ದರು. ಅಕ್ಷರ ಇರಬೇಕಾದಲ್ಲೆಲ್ಲ ಸಣ್ಣ ಸಣ್ಣ ಖಾಲಿ ಚೌಕಗಳು. ಫೋನು ಮಾಡಿದೆ. ಇಂಥಿಂಥ ಎರಡು ಸಾಮಾನು ಹಾಕಿಕೊಳ್ಳಿರಿ, ಒಂದು ಅಕ್ಷರಕ್ಕೆ, ಒಂದು ಟೈಪಿಂಗ್ ಅಭ್ಯಾಸಕ್ಕೆ, ಕೊನೆಗೆ ಕಮಿಟ್ ಮರೆಯಬೇಡಿರಿ ಎಂದರು. ಮೊದಲು ಮೂರನೇ ನಂಬರಿನಲ್ಲಿ ಮಾಡಿ ನೋಡೋಣವೆಂದು ನನ್ನ ಫೋನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದೆ. ನಮ್ಮೂರಲ್ಲಿ ಆ ಕಿಟಕಿಯಲ್ಲಿ ಬಿಟ್ಟರೆ ನೆಟ್ ಸಿಗುತ್ತಿದ್ದುದು ನೀರಿನ ಟಾಕಿಯ ಮೇಲೆ ಮಾತ್ರ. ಮಳೆ ಬೀಳುವಾಗ ಅದೂ ಇಲ್ಲ. ಎರಡು ತಾಸು ಬೇಕಾಯಿತು. ಕಡೆಗೆ ಕಮಿಟ್ ಕೊಟ್ಟೆ. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಆಯಿತು ಎಂದು ಹೇಳುತ್ತಿರಬೇಕು ಅಂದುಕೊಂಡು, ಮುಂದೆ ಬೇಕಾದೀತೆಂದು ಅದನ್ನೂ ಅಕ್ಷರಕ್ಕೆ ಅಕ್ಷರ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಗಿರಿಜಾ ಸಂಜೆಯವರೆಗೂ ಟೈಪ್ ಮಾಡಿದಳು. ಮರುದಿನ ಬೆಳಿಗ್ಗೆ ಹಚ್ಚಿದರೆ ಮತ್ತೆ ಚೌಕಗಳು.

ಮತ್ತೆ ಫೋನು ಕಟ್ಟಿದೆ, ಮತ್ತೆ ಎರಡು ತಾಸು, ಮತ್ತೆ ಅದೇ ಸಾಲು. ಮೂರನೆಯ ದಿನವೂ ಹಾಗೆಯೇ ಆಯಿತು. ಹೊರಗೆ ಆರಿದ್ರಾ ಮಳೆ ಹಿಡಿದಿತ್ತು. ಜನ ಗೋವಿನಜೋಳದಲ್ಲಿ ಕಳೆ ತೆಗೆಯಲಾರದೆ ಮನೆಯಲ್ಲೇ ಕುಳಿತಿದ್ದರು, ಹೀಗಾಗಿ ಗ್ರಂಥಾಲಯದಲ್ಲಿ ದಿನಕ್ಕಿಂತ ಹೆಚ್ಚು ಮಂದಿ. ನಾಲ್ಕನೆಯ ದಿನ ಚೌಕಗಳ ಎದುರು ನಾನು ಕುಳಿತಿದ್ದಾಗ ಬಸವ್ವ ಛತ್ರಿ ಮಡಚುತ್ತ ಒಳಗೆ ಬಂದಳು. ಪೇಪರು ಓದುತ್ತಿದ್ದ ಗಂಡಸರೂ ತಲೆ ಎತ್ತಿದರು.

"ಮತ್ತ ಕೆಟ್ಟತೇನ? ದಿನಾ ಇದೊಂದ ಯಾಕ ಕೆಡತೈತಿ? ಯಾರ ಕೆಡಸಾಕತ್ತಾರ?"

ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಿ ಆ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಿದರೆ ಸಾಕೆನಿಸಿ, "ನನಗೇನ್ ಗೊತ್ತು ಬಸವಕ್ಕ. ನಿನ್ನೆ ಕಡೀಕ ಗಿರಿಜಾನ ಕುಂತಿದ್ಲು," ಎಂದುಬಿಟ್ಟೆ.

ಅದು ಸುಳ್ಳಲ್ಲ. ಕೊನೆಗೆ ಕುಳಿತವಳು ಅವಳೇ. ಆದರೆ ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅದು ಏನು ಮಾಡುತ್ತದೆಂದು ನನಗೆ ಕಂಡಿತು. ಬಸವ್ವ ಛತ್ರಿ ಬಿಚ್ಚಿಕೊಂಡು ಹೊರಟುಹೋದಳು. ಮಧ್ಯಾಹ್ನ ಗಿರಿಜಾ ಬರಲಿಲ್ಲ. ಮರುದಿನವೂ ಬರಲಿಲ್ಲ. ಬೋರಿನ ಹತ್ತಿರ ಸಿಕ್ಕಾಗ ಕೊಡ ತುಂಬುವುದನ್ನೇ ನೋಡುತ್ತ, "ಸರಕಾರದ ಸಾಮಾನು ಕೆಡಸಿದಿ ಅಂತ ನಾಳೆ ಮನೀ ಮ್ಯಾಗ ಮಾತು ಬರತೈತಿ, ಹೋಗಬ್ಯಾಡ ಅಂದಾರ್ರಿ ಅತ್ತಿ," ಎಂದಳು. "ಪರೀಕ್ಷೇನೂ ಬ್ಯಾಡಂತ." ತುಂಬಿದ ಕೊಡ ಸರಿಸಿ ಕೇಳಿದಳು, "ನಾ ಖರೇನ ಏನರ ಒತ್ತೇನೇನ್ರಿ ಶಾಂತಕ್ಕಾರ? ನೆನಪ ಆಗವಲ್ದು."

ಅವಳು ಕೀಲಿಮಣೆಯ ಗುಂಡಿಗಳನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಮತ್ತೆ ಒತ್ತಿ ನೋಡಿಕೊಂಡಿದ್ದಳು ಎಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು.

ಪುನರ್ವಸು ಮಳೆಯಲ್ಲಿ ಒಂದು ದಿನ ಗ್ರಂಥಾಲಯಕ್ಕೆ ರಜೆ ಹಾಕಿ, ನಾಲ್ಕು ಪೆನ್‌ಡ್ರೈವನ್ನೂ ಉಪ್ಪಿನಕಾಯಿಯ ಖಾಲಿ ಡಬ್ಬಿಯಲ್ಲಿಟ್ಟು, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸವಣೂರಿಗೆ ಹೊರಟೆ. ಹಾವೇರಿಯಲ್ಲಿ ಬಸ್ಸು ಬದಲಿಸಬೇಕು. ಅಷ್ಟು ದೂರ ಒಬ್ಬಳೇ ಹೋದದ್ದು ಅದೇ ಮೊದಲು.

ಇಮಾಮಸಾಬರ ಅಂಗಡಿಯಲ್ಲಿ ಕುಳಿತುಕೊಳ್ಳಲು ಒಂದೇ ಸ್ಟೂಲು. ನನ್ನನ್ನು ಅದರ ಮೇಲೆ ಕೂರಿಸಿ ತಾವು ನಿಂತರು. ಮೂರನೇ ನಂಬರಿನ ಪೆನ್‌ಡ್ರೈವನ್ನು ತಮ್ಮ ಕಂಪ್ಯೂಟರಿಗೆ ಚುಚ್ಚಿ ನೋಡಿದರು. ನಾನು ಮಾಡಿದ್ದರ ಒಂದು ಗುರುತೂ ಅದರಲ್ಲಿ ಇರಲಿಲ್ಲ.

"ಮುಂಜಾನಿಂದ ಏನೇನ ಮಾಡ್ತೀರಿ, ಒಂದೂ ಬಿಡದಂಗ ಹೇಳ್ರಿ ಅಕ್ಕಾರ."

ಹೇಳಿದೆ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಕಪಾಟಿನ ಕೀಲಿ ತೆಗೆದು ಪೆನ್‌ಡ್ರೈವ್ ತರುವುದು, ಚುಚ್ಚಿ ಕಂಪ್ಯೂಟರ್ ಸುರು ಮಾಡುವುದು, ಸುರುವಾದ ಮೇಲೆ ಪೆನ್‌ಡ್ರೈವ್ ಕಿತ್ತು ಕಪಾಟಿನಲ್ಲಿಟ್ಟು ಕೀಲಿ ಹಾಕುವುದು.

"ನಿಲ್ರಿ, ನಿಲ್ರಿ. ಕಿತ್ತು?"

"ಹೂಂ ರೀ. ಅದರ ಕೆಲಸ ಮುಗೀತಲ್ಲ? ಕಿತ್ರೂ ಕಂಪ್ಯೂಟರ್ ಛಲೋ ನಡೀತೈತಿ. ನಂಬರ್ ಬಿದ್ದ ಸಾಮಾನು ಹೊರಗ ಬಿಡಾಕ ಬರೂದಿಲ್ರಿ. ಸಣ್ಣದು, ಯಾರರ ಕಿಸೇಕ ಹಾಕ್ಕೊಂಡ ಹೋದ್ರ?"

"ಕಮಿಟ್ ಕೊಟ್ಟಾಗ ಅದು ಎಲ್ಲಿತ್ತ್ರಿ?"

"ಕಪಾಟಿನ್ಯಾಗ."

ಇಮಾಮಸಾಬರು ನಗಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ಹಾಳೆ ತಿರುವಿದರು. ನಾನು ಇಳಿಸಿಕೊಂಡಿದ್ದ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲೇ ಬರದೀರಲ್ರಿ, ಮೂರು ಸಲ ಬರದೀರಿ. 'ಇಡಾಕ ಜಾಗಾ ಸಿಗವಲ್ದು' ಅಂತ ಅದು ಹೇಳಾಕತ್ತೈತಿ. ನಿಮ್ಮ ಅಕ್ಷರ ಭಾರಿ ದುಂಡಗ ಅದಾವ."

ತಪ್ಪು ಇದ್ದದ್ದು ನನ್ನ ಕೈಯಲ್ಲಿ, ಬೈಸಿಕೊಂಡವಳು ಆ ಹುಡುಗಿ. ನಾನು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನೋಡಿ ಅವರು ಎದುರಿನ ಅಂಗಡಿಗೆ ಚಹಾ ಹೇಳಿ ಬಂದರು.

"ತಪ್ಪು ನಂದೂ ಐತ್ರಿ ಅಕ್ಕಾರ," ಎಂದರು ಚಹಾ ಬಂದ ಮೇಲೆ. "ಕಮಿಟ್ ಆಗಿದ್ರೂ ನಿಮಗ ಸಾಕಾಗ್ತಿದ್ದಿಲ್ಲ. ಅದು ಬರೇ ಯಾದಿ ಇಟ್ಕೊಂತೈತಿ, ಇಂಥಿಂಥಾ ಸಾಮಾನು ಬೇಕು ಅಂತ. ಸಾಮಾನು ಮುಂಜಾನೆ ಮತ್ತ ನೆಟ್‌ನಾಗಿಂದನ ಬರಬೇಕು. ನಮ್ಮ ಅಂಗಡ್ಯಾಗ ನೆಟ್ ಯಾವಾಗ್ಲೂ ಇರತೈತಿ, ಹಿಂಗಾಗಿ ನನಗ ಹೊಳೀಲೇ ಇಲ್ಲ. ನಿಮ್ಮ ತವರಮನ್ಯಾಗ ಹಗೇವು ಇತ್ತೇನ್ರಿ?"

ಇತ್ತು. ನಿಮಗೆ ಗೊತ್ತಿರಲಿಕ್ಕಿಲ್ಲ; ಅಂಗಳದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಳೆಗಾಲದಲ್ಲಿ ಸಂತೆಗೆ ಹೋಗುವ ದಾರಿ ಕಟ್ಟಾದರೂ ಮನೆಯಲ್ಲಿ ರೊಟ್ಟಿಗೆ ತೊಂದರೆ ಇರುತ್ತಿರಲಿಲ್ಲ.

"ಹಂಗ ಪೆನ್‌ಡ್ರೈವಿನ್ಯಾಗ ಒಂದು ಹಗೇವು ತೋಡೂಣು. ಒಮ್ಮೆ ತಂದ ಸಾಮಾನು ಅದರಾಗ ಬಿದ್ದಿರತೈತಿ. ಮುಂಜಾನೆ ಕಂಪ್ಯೂಟರ್ ಏಳೂ ಮುಂದ ಯಾದಿ ನೋಡತೈತಿ, ಹಗೇವಿನಾಗಿಂದ ತಗೊಂತೈತಿ. ನಿಮ್ಮ ಟಾಕೀ ಮ್ಯಾಗಿನ ನೆಟ್ಟಿಗೆ ಕಾಯೂದ ಬ್ಯಾಡ."

ಮೊದಲ ಪೆನ್‌ಡ್ರೈವಿನಲ್ಲಿ ಅವರು ಮಾಡಿ ತೋರಿಸಿದರು. ಸಾಮಾನು ಕೂಡಿಡುವ ಜಾಗ ಯಾವುದು ಎಂದು ಅದು ಕೇಳುತ್ತದೆ. ಪೆನ್‌ಡ್ರೈವಿನೊಳಗಿನ ಒಂದು ಫೋಲ್ಡರನ್ನು ತೋರಿಸಬೇಕು. ಕನ್ನಡದ ಆ ಎರಡೂ ಸಾಮಾನನ್ನು ಅದರೊಳಗೆ ತುಂಬಿದರು. ಆಮೇಲೆ ಆವೃತ್ತಿಯನ್ನೂ ಹೊಸದು ಮಾಡಿದರು. ಸಾಮಾನು ಎಲ್ಲಿಂದ ತರಬೇಕೆಂದು ಬರೆದಿಟ್ಟ ಒಂದು ಕಡತವಿದೆ. ಅದರಲ್ಲಿ ಹಳೆಯ ಆವೃತ್ತಿಯ ನಂಬರು ಅಳಿಸಿ ಹೊಸದನ್ನು ಬರೆದು, ಅಪ್‌ಗ್ರೇಡ್ ಕೊಟ್ಟರು. ಏಳುವಾಗ ಬೇಕಾಗುವ ಮೂಲ ಕಡತಗಳನ್ನು ಬೇರೆಯಾಗಿ ಬದಲಿಸಬೇಕು, ಅದನ್ನೂ ತೋರಿಸಿದರು. ಎಲ್ಲ ಆದ ಮೇಲೆ ಹಗೇವಿನಲ್ಲಿ ಉಳಿದ ಹಳೆಯ ಸಾಮಾನು ತೆಗೆದುಹಾಕುವ ಆಜ್ಞೆ. "ಹಳೇ ಜ್ವಾಳಾ ಹಂಗ ಬಿಟ್ರ ಹೊಸಾದಕ್ಕ ಜಾಗಾ ಇರೂದಿಲ್ಲ," ಎಂದರು. ಕಡೆಗೆ ಕಮಿಟ್, ಪೆನ್‌ಡ್ರೈವ್ ಚುಚ್ಚಿದ್ದಾಗಲೇ.

ಉಳಿದ ಮೂರನ್ನು ನನ್ನಿಂದಲೇ ಮಾಡಿಸಿದರು. ನನ್ನ ಬೆರಳು ನಿಧಾನ. ಒಂದು ಕಡೆ ಒಂದು ಚುಕ್ಕೆ ಬಿಟ್ಟೆ, ಏನೂ ಆಗಲಿಲ್ಲ. ಹುಡುಕಿ ಹಾಕಿದೆ, ನಡೆಯಿತು. ಮೂರನೇ ನಂಬರನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದೆ. ಅಷ್ಟೊತ್ತಿಗೆ ನೋಟ್‌ಬುಕ್ ನೋಡುವ ಅಗತ್ಯ ಉಳಿದಿರಲಿಲ್ಲ. ಈ ಸಲ ಬಂದ ಇಂಗ್ಲಿಷ್ ಸಾಲುಗಳನ್ನೆಲ್ಲ ಅವರಿಂದ ಓದಿಸಿ ಅರ್ಥ ಬರೆದುಕೊಂಡೆ.

ಹೊರಡುವಾಗ ಗಿರಿಜಾಳ ವಿಷಯ ಹೇಳಿದೆ. ಇಮಾಮಸಾಬರು ಗಡ್ಡ ಕೆರೆದುಕೊಂಡರು.

"ನನ್ನ ಹೆಸರು ಹೇಳಿಬಿಡ್ರಿ. ಸವಣೂರಿನಾಂವ ಬರೋಬರಿ ಹಾಕಿರಲಿಲ್ಲ ಅನ್ರಿ. ಅದೂ ಖರೇನ ಐತಲ್ಲ? ಆ ಮುದುಕಿ ಬೈಯಾಕ ಇಲ್ಲೀತನ ಅಂತೂ ಬರೂದಿಲ್ಲ."

ಅವರ ಹೆಂಡತಿ ಒಳಗಿನಿಂದ ಒಂದು ಕಟ್ಟು ಸವಣೂರಿನ ವೀಳ್ಯದೆಲೆ ತಂದು ಕೊಟ್ಟರು. "ಬರೇ ಕೈಲೆ ಹೋಗಬ್ಯಾಡ್ರಿ ಅಕ್ಕಾ, ಅಂಥಾವರ ಮನೀಗೆ," ಎಂದು ನಕ್ಕರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದೆ. ಸವಣೂರಿನವರು ಹಾಕಿದ್ದು ಬರೋಬರಿ ಇರಲಿಲ್ಲ. ಸವಣೂರಿನವರು ಹಾಕಿದ್ದು ಬರೋಬರಿ ಇರಲಿಲ್ಲ. ಸುಳ್ಳಲ್ಲದ ಮಾತು. ಆದರೆ ಮೊನ್ನೆ ಗಿರಿಜಾಳ ಬಗ್ಗೆ ಆಡಿದ್ದೂ ಸುಳ್ಳಲ್ಲದ ಮಾತೇ. ನಮ್ಮೂರಿಗೆ ಬರಲು ಹಂಸಭಾವಿಯಲ್ಲಿ ಇಳಿಯುವ ಹೊತ್ತಿಗೆ ಅದನ್ನು ಹೇಳಲಾರೆ ಎಂದು ಗೊತ್ತಾಗಿಹೋಗಿತ್ತು. ಇನ್ನೇನು ಹೇಳಬೇಕು ಎಂಬುದು ಮಾತ್ರ ತಿಳಿದಿರಲಿಲ್ಲ.

ಧೈರ್ಯ ಬರಲು ಮತ್ತೂ ಕೆಲವು ದಿನ ಬೇಕಾದವು. ಅದನ್ನೂ ಬರೆದುಬಿಡುತ್ತೇನೆ. ದಿನಾ ಬೆಳಿಗ್ಗೆ ಎಲೆಯ ಕಟ್ಟಿಗೆ ನೀರು ಚಿಮುಕಿಸಿ ನಾಳೆ ಹೋಗೋಣ ಎನ್ನುತ್ತಿದ್ದೆ. ಶ್ರಾವಣ ಬಂತು. ಪರೀಕ್ಷೆಗೆ ಇನ್ನು ಮೂರು ವಾರವೂ ಇರಲಿಲ್ಲ. ಎಲೆಗಳ ಅಂಚು ಹಳದಿಯಾಗುತ್ತ ಬಂದದ್ದನ್ನು ನೋಡಿ ಒಂದು ಮಧ್ಯಾಹ್ನ ಎದ್ದು ಹೋದೆ.

ಬಸವ್ವ ಒಬ್ಬಳೇ ಇರುತ್ತಾಳೆ ಎಂದುಕೊಂಡಿದ್ದೆ. ಪಂಚಮಿ ಹತ್ತಿರ ಬಂದಿತ್ತಲ್ಲ, ಓಣಿಯ ಹೆಂಗಸರೆಲ್ಲ ಬಸವ್ವನ ಪಡಸಾಲೆಯಲ್ಲಿ ಸೇರಿ ಉಂಡಿ ಕಟ್ಟುತ್ತಿದ್ದರು. ಎಳ್ಳು, ಶೇಂಗಾ, ಬೆಲ್ಲದ ಪಾಕದ ಪಾತೇಲಿ. ಗಿರಿಜಾ ಮೂಲೆಯಲ್ಲಿ ಕುಳಿತು ಪಾಕ ಆರುವ ಮೊದಲು ಚುರುಚುರು ಉಂಡಿ ಕಟ್ಟುತ್ತಿದ್ದಳು. ನಾನು ತಿರುಗಿ ಹೋಗುವ ಮೊದಲೇ ಬಸವ್ವ ಕಂಡಳು.

"ಬಾರವಾ ಶಾಂತಾ. ಏನು, ನಮ್ಮಕಿ ಮತ್ತೇನರ ಕೆಡಸ್ಯಾಳೇನ?"

ಹೆಂಗಸರು ನಕ್ಕರು. ನಾನು ಎಲೆಯ ಕಟ್ಟನ್ನು ಅವಳ ಮುಂದಿಟ್ಟು, ನಿಂತುಕೊಂಡೇ ಹೇಳಿದೆ. "ಗಿರಿಜಾ ಕೆಡಸಿಲ್ಲ ಬಸವಕ್ಕ. ನಾ ಕೆಡಸೇನಿ. ಕಂಪ್ಯೂಟರ್ ನೆನಪಿಡೂ ಜಾಗಾ ಪೆನ್‌ಡ್ರೈವ್. ಅದನ್ನ ನಾ ದಿನಾ ಕಿತ್ತು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಾಕತ್ತಿದ್ದೆ. ಅದಕ್ಕ ಅದು ಮರೀತಿತ್ತು."

ಬಸವ್ವ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟಳು.

"ಮತ್ತ ಅವತ್ತ ಅಷ್ಟ ಮಂದಿ ಮುಂದ ಅಕಿನ ಹೆಸರ ಯಾಕ ಹೇಳಿದಿ?"

"ಅಂಜಿ ಹೇಳಿದೆ."

"ಯಾರಿಗೆ?"

"ನಿನಗ. ಎಲ್ಲಾರಿಗೂ."

"ನನಗ ಅಂಜೂದು ಛಲೋನ," ಎಂದಳು ಬಸವ್ವ. ಯಾರೋ ಕಿಸಕ್ಕೆಂದರು, ಅವಳು ತಿರುಗಿ ನೋಡಿದೊಡನೆ ಸುಮ್ಮನಾದರು. ಗಿರಿಜಾ ತಲೆ ಎತ್ತಿರಲಿಲ್ಲ. ಅವಳ ಅಂಗೈಯಲ್ಲಿದ್ದ ಪಾಕ ಆರಿ ಗಟ್ಟಿಯಾಗಿತ್ತು, ಉಂಡಿಯಾಗದೆ ಪುಡಿಪುಡಿಯಾಗಿ ಉದುರಿತು. ಅತ್ತೆ ಅದನ್ನೂ ನೋಡಿದಳು.

"ಬರೇ ಮಾತು ನಂಬೂದಿಲ್ಲ ನಾ. ನಡಿ, ಕಪಾಟಿನ ಕೀಲಿ ತಗದು ತೋರಸು."

ಬಸವ್ವ ಮುಂದೆ, ಅವಳ ಹಿಂದೆ ನಾನು, ಹಿಂದೆ ಎಣ್ಣೆ ಕೈ ಬೆಲ್ಲದ ಕೈಗಳ ಹೆಂಗಸರು. ಗ್ರಂಥಾಲಯದಲ್ಲಿ ಅಷ್ಟು ಹೆಂಗಸರು ಒಮ್ಮೆಗೇ ಬಂದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಪೇಪರು ಓದುತ್ತಿದ್ದ ಇಬ್ಬರು ಗಂಡಸರು ಎದ್ದು ಹೊರಗೆ ಹೋದರು. ಮೂರನೇ ನಂಬರಿಗೆ ಪೆನ್‌ಡ್ರೈವ್ ಚುಚ್ಚಿ ಸುರು ಮಾಡಿದೆ. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೆ. ನೆಟ್ ಎಂಬುದೇ ಇರಲಿಲ್ಲ. ದೂಳು ಕಾಯುವ ವಾಸನೆ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಒಂದರ ಹಿಂದೊಂದು ಏರತೊಡಗಿದವು.

"ಏನ ಹರಿಯಾಕತ್ತೈತಿ ಅದು?"

"ಹಗೇವಿನಾಗಿಂದ ಜ್ವಾಳಾ ತಗಿಯಾಕತ್ತೈತಿ," ಎಂದೆ. ಬಸವ್ವ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಚೇಷ್ಟೆ ಮಾಡುತ್ತಿದ್ದೇನೋ ಎಂದು.

ಪರದೆ ತೆರೆಯಿತು. ಕನ್ನಡ ಅಕ್ಷರಗಳು ಇದ್ದವು. ಗಿರಿಜಾ ಸೀರೆಗೆ ಕೈ ಒರೆಸಿಕೊಂಡು ಕುಳಿತು ಒಂದು ಸಾಲು ಹೊಡೆದಳು. ಬಸವ್ವನಿಗೆ ಓದಲು ಬರುವುದಿಲ್ಲ, ಆದರೆ ಚೌಕಕ್ಕೂ ಅಕ್ಷರಕ್ಕೂ ವ್ಯತ್ಯಾಸ ಗೊತ್ತಿತ್ತು. ಆದರೂ ಒಪ್ಪಲಿಲ್ಲ. ನೆಟ್ಟಗೆ ಬಾಗಿಲ ಮಗ್ಗುಲಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು. ಫ್ಯಾನು, ದೀಪ, ಕಂಪ್ಯೂಟರ್ ಎಲ್ಲ ಒಮ್ಮೆಗೇ ನಿಂತವು.

"ಅಯ್ಯ, ಹಂಗ ಎಳೀಬಾರ್ದು ಬಸವಕ್ಕ!" ಎಂದು ಕೂಗಿಬಿಟ್ಟೆ. ಅಷ್ಟು ಗಟ್ಟಿ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ಹೆಸ್ಕಾಂನವರು ನಿನ್ನ ಕೇಳಿ ಕರೆಂಟ್ ತಗೀತಾರೇನ?" ಎಂದು ಸ್ವಿಚ್ಚು ಮೇಲೆತ್ತಿದಳು. ಮತ್ತೆ ಹಚ್ಚಿದೆ. ಮತ್ತೆ ಬಿಳಿ ಸಾಲುಗಳು, ಮತ್ತೆ ಅಕ್ಷರಗಳು. ಇನ್ನೊಮ್ಮೆ ಎಳೆದಳು. ಮೂರನೆಯ ಸಲ ಎಲ್ಲ ಹೆಂಗಸರೂ ಸಾಲುಗಳ ಜೊತೆಗೆ ಉಸಿರು ಹಿಡಿದುಕೊಂಡು ನಿಂತಿದ್ದರು. ಅಕ್ಷರ ಬಂದಾಗ ಗಿರಿಜಾ ಯಾರ ಕಡೆಗೂ ನೋಡದೆ ತನ್ನ ಅಭ್ಯಾಸದ ಪಾಠ ತೆಗೆದು ಹೊಡೆಯಲು ಸುರು ಮಾಡಿದಳು. ಅವಳ ಹೊಡೆತ ನಿಜಕ್ಕೂ ಜೋರು; ಮೇಜು ಅಲುಗುತ್ತಿತ್ತು.

ಬಸವ್ವ ಅವಳ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮುಂಜಾನೆ ಎಷ್ಟಕ್ಕ ಬಾಗ್ಲಾ ತಗೀತಿ?"

"ಹತ್ತಕ್ಕ."

"ಎಂಟಕ್ಕ ತಗಿ. ಹತ್ತಕ್ಕ ಅಕಿ ರೊಟ್ಟಿ ಬಡೀಬೇಕು. ಪರೀಕ್ಷೇಕ ಎಷ್ಟ ದಿನಾ ಉಳದಾವ?"

"ಹದಿನೆಂಟ್ರಿ ಅತ್ತಿ," ಎಂದಳು ಗಿರಿಜಾ, ಬೆರಳು ನಿಲ್ಲಿಸದೆ.

ಮರುದಿನ ನಾನು ಏಳೂವರೆಗೇ ಹೋಗಿ ಬಾಗಿಲು ತೆಗೆದೆ.